ಬಿಸಿಲು ಹೆಚ್ಚೋ ನೆರಳು ಹೆಚ್ಚೋ: ಜಡ್ಡಿಯ ಕಾಡುಜಾಯಿಕಾಯಿ ಸಸಿಗಳ ದೋಷ ನಿವಾರಣೆ ಕೈಪಿಡಿ

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ನಿತ್ಯಹರಿದ್ವರ್ಣ ಕಾಡುಗಳಲ್ಲಿ, ವರ್ಷವಿಡೀ ನೀರು ಜಿನುಗುವ ಹಳ್ಳಗಳ ಬದಿಯಲ್ಲಿ, ಊರುಗೋಲಿನಂಥ ಬೇರುಗಳನ್ನು ಕೆಸರಿಗೆ ಊರಿ ನಿಂತ ಮರಗಳ ಜೌಗು ನೆಲೆಗಳಿವೆ. ಇವುಗಳನ್ನು ಅಲ್ಲಿಯವರು ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಂಬ ಕಾಡುಜಾಯಿಕಾಯಿ ಮರವು ಇಂಥ ಜಡ್ಡಿಗಳನ್ನೇ ನಂಬಿ ಬದುಕುವ, ಕರ್ನಾಟಕ ಮತ್ತು ಕೇರಳದ ಪಶ್ಚಿಮ ಘಟ್ಟಕ್ಕೆ ಸೀಮಿತವಾದ ಮರ. ಜಡ್ಡಿಗಳು ಗದ್ದೆಗಳಾಗಿ, ಅಡಿಕೆ ತೋಟಗಳಾಗಿ ಬದಲಾಗುತ್ತ ಹೋದಂತೆ ಇದೂ ಅಳಿವಿನಂಚಿಗೆ ಬಂದಿದೆ. ಇದರ ಬೀಜವನ್ನು ಒಣಗಿಸಿ ಕೂಡಿಡಲು ಬರುವುದಿಲ್ಲ, ಒಣಗಿದರೆ ಮೊಳಕೆಯ ಶಕ್ತಿ ಹೋಗುತ್ತದೆ. ಆದ್ದರಿಂದ ಆ ವರ್ಷ ಸಿಕ್ಕ ಬೀಜದಿಂದ ಎದ್ದ ಪ್ರತಿಯೊಂದು ಸಸಿಯೂ ಬೆಲೆಯುಳ್ಳದ್ದು, ಒಂದು ಸತ್ತರೆ ಅದರ ಜಾಗಕ್ಕೆ ಇನ್ನೊಂದನ್ನು ತರುವುದು ಸುಲಭವಲ್ಲ.

ಈ ಸಸಿಗಳನ್ನು ನರ್ಸರಿಯಲ್ಲಿ ಬೆಳೆಸುವವರು ಮತ್ತು ಜಡ್ಡಿಯಲ್ಲಿ ನೆಟ್ಟು ಕಾಯುವವರು ಕಾಣುವ ತೊಂದರೆಗಳಲ್ಲಿ ಬೆಳಕಿಗೆ ಸಂಬಂಧಿಸಿದವನ್ನು ಗುರುತಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಎಲ್ಲಕ್ಕೂ ಮೊದಲು ಮನಸ್ಸಿನಲ್ಲಿಡಬೇಕಾದ ಮಾತು ಒಂದೇ: ಎಲೆಯು ತಾನು ಬಿಚ್ಚಿಕೊಂಡ ಕಾಲದ ಬೆಳಕಿಗೆ ತಕ್ಕಂತೆ ರೂಪುಗೊಂಡಿರುತ್ತದೆ. ನೆರಳಿನಲ್ಲಿ ಬಿಚ್ಚಿದ ಎಲೆ ಅಗಲವಾಗಿ, ತೆಳ್ಳಗಿರುತ್ತದೆ, ಸಿಕ್ಕಷ್ಟು ಬೆಳಕನ್ನು ಹಿಡಿಯುವಂತೆ ಕಟ್ಟಿಕೊಂಡಿರುತ್ತದೆ. ಅದನ್ನು ಏಕಾಏಕಿ ಬಿಸಿಲಿಗೆ ಒಡ್ಡಿದರೆ ಅದು ಬಿಸಿಲಿನ ಎಲೆಯಾಗಿ ಮಾರ್ಪಡುವುದು ತೀರ ಕಡಿಮೆ, ಹೆಚ್ಚಾಗಿ ಸುಡುತ್ತದೆ. ಹೊಸ ಬೆಳಕಿಗೆ ಸಸಿ ಒಗ್ಗಿದೆಯೇ ಎಂದು ಹೇಳುವುದು ಆ ಬದಲಾವಣೆಯ ನಂತರ ಹುಟ್ಟಿದ ಎಲೆ ಮಾತ್ರ. ಹೀಗಾಗಿ ಯಾವ ಲಕ್ಷಣ ಕಂಡರೂ ಮೊದಲು ತುದಿಯ ಎಲೆಯನ್ನು ನೋಡಿ, ಬುಡದ ಎಲೆಯನ್ನು ಆಮೇಲೆ ನೋಡಿ.

ಜಡ್ಡಿಗೆ ಇಳಿಯುವ ಮುನ್ನ

ಬಿಸಿಲಿನ ತೊಂದರೆಗಳು ಹೆಚ್ಚಾಗಿ ಕಾಣುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಮಂಗನ ಕಾಯಿಲೆ ಹರಡುವ ಕಾಲವೂ ಅದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಉಣ್ಣೆಗಳ ಕಡಿತದಿಂದ ಬರುತ್ತದೆ, ಮತ್ತು ಸಿದ್ದಾಪುರ ತಾಲ್ಲೂಕಿನಲ್ಲೂ ಕಾಣಿಸಿಕೊಂಡಿದೆ. ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ಉಣ್ಣೆ ನಿರೋಧಕ ತೈಲವನ್ನು ಹಚ್ಚಿಕೊಂಡೇ ಹೋಗಿ, ಒಣಗಿದ ತರಗೆಲೆಗಳ ಮೇಲೆ ಕೂರಬೇಡಿ, ಮರಳಿದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆಗಳನ್ನು ತೊಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಹಿಂತಿರುಗಿ, ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಕಾಡಿಗೆ ಹೋಗಿ ಬಂದ ನಂತರದ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಇನ್ನೊಂದು ಎಚ್ಚರಿಕೆ ಮರಗಳ ಸೊನೆಯದು. ಜಡ್ಡಿಯಲ್ಲಿ ಗೇರಿನ ಕುಟುಂಬದ ಮರಗಳೂ ಇರುತ್ತವೆ. 2000ದಲ್ಲಿ ಹೊಸ ಪ್ರಭೇದವೆಂದು ದಾಖಲಾದ, ಕತ್ತಲೆಕಾನಿನ ಹೆಸರನ್ನೇ ಹೊತ್ತ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅವುಗಳಲ್ಲೊಂದು. ಈ ಕುಟುಂಬದ ಹಲವು ಮರಗಳ ಸೊನೆ ತಗುಲಿದರೆ ಚರ್ಮ ಬೊಕ್ಕೆಯೇಳುತ್ತದೆ. ಗುರುತು ಸಿಗದ ಗಿಡದ ರೆಂಬೆಯನ್ನು ಮುರಿದು ನೆರಳು ಕಟ್ಟಲು ಹೋಗಬೇಡಿ.

ಖರ್ಚಿಲ್ಲದ ಮೊದಲ ಪರೀಕ್ಷೆ: ಕೈನೆರಳು

ಸಸಿಯ ತುದಿಯ ಎತ್ತರದಲ್ಲಿ ಒಂದು ಬಿಳಿ ಹಾಳೆಯನ್ನು ಹಿಡಿದು, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈ ಚಾಚಿ. ಬೆರಳುಗಳ ಅಂಚು ಕತ್ತರಿಸಿದಂತೆ ಸ್ಪಷ್ಟವಾಗಿ, ಕಪ್ಪಾಗಿ ಬಿದ್ದರೆ ಅದು ನೇರ ಬಿಸಿಲು. ಕೈಯ ಆಕಾರ ತಿಳಿಯುವಂತಿದ್ದು ಅಂಚು ಮಸುಕಾಗಿದ್ದರೆ ಅರೆನೆರಳು. ಹಾಳೆ ಸ್ವಲ್ಪ ಮಂಕಾದಂತೆ ಕಂಡು ಆಕಾರವೇ ಗೊತ್ತಾಗದಿದ್ದರೆ ಕಡುನೆರಳು. ಬೆಳಿಗ್ಗೆ ಒಂಬತ್ತಕ್ಕೆ, ನಡುಹಗಲಿಗೆ ಮತ್ತು ಮಧ್ಯಾಹ್ನ ಮೂರಕ್ಕೆ ಹೀಗೆ ನೋಡಿ ಬರೆದಿಟ್ಟುಕೊಳ್ಳಿ. ಒಂದೇ ಹೊತ್ತಿನಲ್ಲಿ ನೋಡಿ ತೀರ್ಮಾನಕ್ಕೆ ಬರುವುದು ಈ ಕೆಲಸದಲ್ಲಿ ಬಹಳ ಸಾಮಾನ್ಯವಾದ ತಪ್ಪು.

ಅಂಕಿಯಲ್ಲಿ ಬೇಕೆಂದರೆ ಮೊಬೈಲ್‌ನ ಲಕ್ಸ್ ಆ್ಯಪ್ ಸಾಕು, ಆದರೆ ಅದು ತೋರಿಸುವ ಅಂಕಿಯನ್ನು ಹಾಗೆಯೇ ನಂಬುವಂತಿಲ್ಲ. ಒಂದೇ ಫೋನಿನಲ್ಲಿ, ಕೆಲವೇ ನಿಮಿಷಗಳ ಅಂತರದಲ್ಲಿ, ಬಯಲಿನಲ್ಲೊಮ್ಮೆ ಮತ್ತು ಸಸಿಯ ಬಳಿ ಒಮ್ಮೆ ಅಳೆದು, ಎರಡನೆಯದು ಮೊದಲನೆಯದರ ಶೇಕಡಾ ಎಷ್ಟು ಎಂದು ಲೆಕ್ಕ ಹಾಕಬೇಕು. ಮೋಡ ಒಂದೇ ಸಮನೆ ಕವಿದ ದಿನ ಈ ಹೋಲಿಕೆ ಹೆಚ್ಚು ಸರಿಯಾಗಿ ಬರುತ್ತದೆ. ಬಿರುಬಿಸಿಲಿನ ಬಯಲಿನಲ್ಲಿ ಬೆಳಕು ಸುಮಾರು 1,00,000 ಲಕ್ಸ್ ಇದ್ದರೆ, ದಟ್ಟ ಕಾನಿನ ನೆಲಕ್ಕೆ ಮುಟ್ಟುವುದು ಶೇಕಡಾ 1ರಿಂದ 2ರಷ್ಟು ಮಾತ್ರ. ನೆರಳು ಸಹಿಸುವ ಹೆಚ್ಚಿನ ಕಾಡುಮರಗಳ ಸಸಿಗಳು ಅಷ್ಟರಲ್ಲಿ ಜೀವ ಹಿಡಿದಿರುತ್ತವೆ, ಶೇಕಡಾ 10ರಿಂದ 30ರ ಬೆಳಕಿನಲ್ಲಿ ಚೆನ್ನಾಗಿ ಬೆಳೆಯುತ್ತವೆ.

ಮೇಲ್ಚಪ್ಪರದ ಎಲೆಗಳ ಸಂದಿಯಿಂದ ತೂರಿಬಂದು ಕೆಲವು ನಿಮಿಷ ನಿಂತು ಸರಿದುಹೋಗುವ ಬಿಸಿಲುಕೋಲುಗಳನ್ನು ಕಡೆಗಣಿಸಬೇಡಿ. ಕಾನಿನ ನೆಲದ ಸಸಿಗೆ ದಿನವೊಂದರಲ್ಲಿ ಸಿಗುವ ಬೆಳಕಿನ ದೊಡ್ಡ ಪಾಲು ಇವುಗಳಿಂದಲೇ ಬರುತ್ತದೆ. ಕಡುನೆರಳು ಎಂದು ಕಂಡ ಜಾಗದಲ್ಲಿ ಸಸಿ ಚೆನ್ನಾಗಿದ್ದರೆ ಅಲ್ಲಿಗೆ ದಿನಕ್ಕೆ ನಾಲ್ಕಾರು ಬಾರಿ ಬಿಸಿಲುಕೋಲು ಬೀಳುತ್ತಿರಬಹುದು.

ಲಕ್ಷಣ: ಎಲೆ ಬಿಳಿಚಿಕೊಂಡು ಹಳದಿಗೆ ತಿರುಗಿದೆ

ಮೊದಲು ಮಾಡಬೇಕಾದದ್ದು ಒಂದರ ಮೇಲೊಂದು ಬಂದಿರುವ ಎರಡು ಎಲೆಗಳನ್ನು ಹುಡುಕಿ ಮೇಲಿನದನ್ನು ಮೆಲ್ಲಗೆ ಎತ್ತಿ ನೋಡುವುದು. ಒಮ್ಮೆ ನರ್ಸರಿಯ ಪರದೆ ಗಾಳಿಗೆ ಹರಿದು, ಒಂದು ಸಾಲಿನ ಸಸಿಗಳ ಮೇಲೆ ವಾರವಿಡೀ ಬಿಸಿಲು ಬಿದ್ದಿತ್ತು. ಗೊಬ್ಬರ ಸಾಲದೆ ಹಳದಿಯಾಗಿದೆಯೆಂದೇ ನಾವೆಲ್ಲ ತಿಳಿದಿದ್ದೆವು. ಮೇಲಿನ ಎಲೆಯನ್ನು ಸರಿಸಿದಾಗ ಕೆಳಗಿನ ಎಲೆಯ ಮೇಲೆ ಅದರ ಚೂಪು ತುದಿ, ಸ್ವಲ್ಪ ಅಲೆಯಾದ ಅಂಚು, ಹುಳು ತಿಂದ ಚಿಕ್ಕ ತೂತು ಕೂಡ, ಇದ್ದ ಹಾಗೆಯೇ ಕಡುಹಸಿರಾಗಿ ಅಚ್ಚೊತ್ತಿತ್ತು. ಸುತ್ತಲಿನ ಭಾಗ ಮಾತ್ರ ಬಿಳಿಚಿತ್ತು, ತೂತಿನ ನೇರಕ್ಕೂ ಒಂದು ಬಿಳಿ ಚುಕ್ಕೆ. ಗೊಬ್ಬರದ ಕೊರತೆ ಹೀಗೆ ಅಚ್ಚೊತ್ತುವುದಿಲ್ಲ.

ಈ ಅಚ್ಚು ಕಂಡರೆ ಕಾರಣ ಬಿಸಿಲೇ. ಎಲೆಯು ಬಳಸಿಕೊಳ್ಳಲಾಗದಷ್ಟು ಬೆಳಕು ಬಂದಾಗ ಆ ಹೆಚ್ಚುವರಿ ಶಕ್ತಿ ಎಲೆಯೊಳಗಿನ ಆಹಾರ ತಯಾರಿಸುವ ವ್ಯವಸ್ಥೆಯನ್ನೇ ಹಾಳುಮಾಡುತ್ತದೆ, ಪತ್ರಹರಿತ್ತು ಕರಗುತ್ತದೆ. ಅಚ್ಚು ಇಲ್ಲದೆ ಹಳದಿಯಾಗಿದ್ದರೆ ಯಾವ ಎಲೆಗಳು ಎಂದು ನೋಡಿ. ಬುಡದ ಹಳೆಯ ಎಲೆಗಳಷ್ಟೇ ಒಂದೇ ಸಮನೆ ಹಳದಿಯಾಗಿದ್ದರೆ ಸಾರಜನಕದ ಕೊರತೆ ಇರಬಹುದು. ತುದಿಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗಿದ್ದರೆ ಕಬ್ಬಿಣದ ಕೊರತೆಯನ್ನು ಶಂಕಿಸಬೇಕು. ಇವೆರಡಕ್ಕೂ ನೆರಳು ಹೆಚ್ಚಿಸಿ ಪ್ರಯೋಜನವಿಲ್ಲ. ಅಂದ ಹಾಗೆ, ಮಳೆಕಾಡಿನ ಎಷ್ಟೋ ಮರಗಳ ಎಳೆ ಚಿಗುರು ಕೆಂಪಾಗಿ ಅಥವಾ ತೀರ ತಿಳಿಯಾಗಿ ಜೋತುಕೊಂಡೇ ಹುಟ್ಟುತ್ತದೆ. ಅದು ರೋಗವಲ್ಲ, ಎಲೆ ಗಟ್ಟಿಯಾಗುವವರೆಗೆ ಕಾಯಿರಿ.

ಬಿಸಿಲಿನಿಂದ ಬಿಳಿಚಿದ ಎಲೆಗಳನ್ನು ಕೀಳಬಾರದು. ಅವು ಅರ್ಧ ಶಕ್ತಿಯಲ್ಲಾದರೂ ಸಸಿಗೆ ಆಹಾರ ಒದಗಿಸುತ್ತಿರುತ್ತವೆ, ಕೆಳಗಿನ ಎಲೆಗೆ ನೆರಳನ್ನೂ ಕೊಡುತ್ತವೆ.

ಲಕ್ಷಣ: ಎಲೆಯ ಮೇಲೆ ಒಣಗಿದ ಕಂದು ಮಚ್ಚೆ

ಮಚ್ಚೆಯ ಅಂಚಿನ ಸುತ್ತ ಪೆನ್ನಿನಿಂದ ಒಂದು ಗೆರೆ ಎಳೆದು ಒಂದು ವಾರ ಬಿಡಿ. ಬಿಸಿಲಿನ ಸುಟ್ಟಗಾಯ ಗೆರೆಯೊಳಗೇ ನಿಲ್ಲುತ್ತದೆ, ಮತ್ತೆ ಬಿಸಿಲು ಬೀಳದಿದ್ದರೆ ಹಿಗ್ಗುವುದಿಲ್ಲ. ಶಿಲೀಂಧ್ರದ ಮಚ್ಚೆ ಗೆರೆಯನ್ನು ದಾಟಿ ಹರಡುತ್ತದೆ, ಎಷ್ಟೋ ಬಾರಿ ಸುತ್ತ ಹಳದಿ ಬಳೆ ಇರುತ್ತದೆ, ನೆರಳಿನಲ್ಲಿರುವ ಎಲೆಗೂ ಬರುತ್ತದೆ. ಸುಟ್ಟಗಾಯ ಆಕಾಶಕ್ಕೆ ಮುಖ ಮಾಡಿದ ಭಾಗದಲ್ಲಿ, ಅದರಲ್ಲೂ ಪಡುವಣ ಬದಿಯ ಎಲೆಗಳಲ್ಲಿ ಹೆಚ್ಚು. ಗಾಳಿ ಬಿಸಿಯಾಗಿ ಒಣಗಿರುವ ಮಧ್ಯಾಹ್ನದ ಹೊತ್ತಿನಲ್ಲಿ ಬಿಸಿಲು ಬೀಳುವುದು ಆ ಬದಿಗೆ. ಸತ್ತ ಭಾಗದ ಮೇಲೆ ಆಮೇಲೆ ಶಿಲೀಂಧ್ರ ಬಂದು ಕೂರುವುದುಂಟು, ಅದನ್ನೇ ಮೂಲಕಾರಣವೆಂದು ತಿಳಿದು ಔಷಧ ಸಿಂಪಡಿಸಿದರೆ ಸಸಿಗೆ ಲಾಭವಿಲ್ಲ. ಜಡ್ಡಿಯೊಳಗಂತೂ ಯಾವ ರಾಸಾಯನಿಕವನ್ನೂ ಬಳಸಬೇಡಿ, ಅದು ನೇರವಾಗಿ ಹಳ್ಳದ ನೀರು ಸೇರುತ್ತದೆ.

ಪರಿಹಾರ ಅಗ್ಗದ್ದೇ. ಸಸಿಯ ಪಡುವಣ ಮತ್ತು ನೈಋತ್ಯ ಬದಿಗೆ ಅಡಿಕೆ ಸೋಗೆಯ ತಟ್ಟಿಯನ್ನು ಓರೆಯಾಗಿ ನಿಲ್ಲಿಸಿ, ಬೆಳಗಿನ ಬಿಸಿಲು ಬರುವ ಮೂಡಣ ಬದಿಯನ್ನು ತೆರೆದಿಡಿ. ಸಸಿಯನ್ನು ನಾಲ್ಕೂ ಕಡೆ ಮುಚ್ಚಿದರೆ ಒಂದು ದೋಷದಿಂದ ಇನ್ನೊಂದಕ್ಕೆ ಹೋದಂತಾಗುತ್ತದೆ.

ಲಕ್ಷಣ: ನಡುಹಗಲಿನಲ್ಲಿ ಎಲೆಗಳು ಜೋಲುತ್ತವೆ

ಸಂಜೆ ಮತ್ತು ಮಾರನೆಯ ನಸುಕಿನಲ್ಲಿ ಮತ್ತೆ ನೋಡಿ. ಸಂಜೆಗೆ ನೆಟ್ಟಗಾದರೆ ಬೇರು ನೀರನ್ನು ಎಳೆಯುವುದಕ್ಕಿಂತ ಬೇಗ ಎಲೆ ಅದನ್ನು ಕಳೆದುಕೊಳ್ಳುತ್ತಿದೆ ಎಂದರ್ಥ, ನೆರಳು ಕೊಟ್ಟರೆ ಸರಿಯಾಗುತ್ತದೆ. ನಸುಕಿನಲ್ಲೂ ಜೋತೇ ಇದ್ದರೆ ದೋಷ ಬೇರಿನಲ್ಲಿದೆ.

ನರ್ಸರಿಯ ಸಸಿಯಾದರೆ ಮಧ್ಯಾಹ್ನ ಮೂರರ ಹೊತ್ತಿಗೆ ತೊಟ್ಟೆಯ ಪಡುವಣ ಬದಿಯನ್ನು ಮುಟ್ಟಿ ನೋಡಿ. ಕಪ್ಪು ಪ್ಲಾಸ್ಟಿಕ್ ತೊಟ್ಟೆ ನೇರ ಬಿಸಿಲಿನಲ್ಲಿ ಕೈಗೆ ಚುರುಕೆನ್ನುವಷ್ಟು ಕಾಯುತ್ತದೆ, ಆ ಬದಿಗೆ ಒತ್ತಿಕೊಂಡ ಎಳೆಬೇರುಗಳು ಬೇಯುತ್ತವೆ. ಎಲೆಗೆ ಪರದೆಯ ನೆರಳಿದ್ದು, ಸಾಲಿನ ಅಂಚಿನ ತೊಟ್ಟೆಗಳಿಗೆ ಮಾತ್ರ ಬದಿಯಿಂದ ಬಿಸಿಲು ತಗಲುವುದು ಎಷ್ಟೋ ಕಡೆ ಕಾಣುತ್ತದೆ. ಅಂಚಿಗೆ ಒಂದು ಹಲಗೆ ನಿಲ್ಲಿಸಿದರೂ ಸಾಕು, ಅಥವಾ ಮಣ್ಣನ್ನು ಏರಿಸಿದರೂ ಆಗುತ್ತದೆ. ಇದು ಜಡ್ಡಿಯ ಮರವೆಂದು ತೊಟ್ಟೆಯಲ್ಲಿ ನೀರು ನಿಲ್ಲಿಸುವುದೂ ತಪ್ಪು. ಜಡ್ಡಿಯ ನೀರು ನಿಧಾನವಾಗಿಯಾದರೂ ಹರಿಯುತ್ತಿರುತ್ತದೆ, ತೊಟ್ಟೆಯಲ್ಲಿ ನಿಂತು ನಾರುವ ನೀರು ಬೇರೆಯೇ.

ಲಕ್ಷಣ: ತುದಿಯ ಕುಡಿ ಒಣಗಿದೆ

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಜಾಯಿಕಾಯಿಯ ಕುಲದ ಮರಗಳಲ್ಲಿ ಮೇಲಕ್ಕೆ ಏರುವ ಕಾಂಡ ಬೇರೆ, ಅಡ್ಡಕ್ಕೆ ಚಾಚುವ ರೆಂಬೆ ಬೇರೆ. ತೋಟದ ಜಾಯಿಕಾಯಿಯಲ್ಲಿ ಅಡ್ಡ ರೆಂಬೆಯಿಂದ ಕಸಿ ಕಟ್ಟಿದರೆ ಗಿಡ ಮೇಲಕ್ಕೇರದೆ ಪೊದೆಯಂತೆ ಹರಡುವುದನ್ನು ಕಸಿ ಮಾಡುವವರೆಲ್ಲ ಬಲ್ಲರು. ಹಾಗಾಗಿ ಕುಡಿ ಸುಟ್ಟರೆ ಪಕ್ಕದ ರೆಂಬೆಯೇ ಎದ್ದು ಕಾಂಡವಾದೀತೆಂದು ನಂಬಿ ಕೂರುವಂತಿಲ್ಲ.

ಉಗುರಿನಿಂದ ಕಾಂಡದ ಸಿಪ್ಪೆಯನ್ನು ತುದಿಯಿಂದ ಕೆಳಕ್ಕೆ ಬರುತ್ತ ಸೂಜಿಮೊನೆಯಷ್ಟೇ ಕೆರೆದು ನೋಡಿ. ಒಳಗೆ ಹಸಿರು ಕಂಡಲ್ಲಿಂದ ಕೆಳಕ್ಕೆ ಜೀವವಿದೆ. ಮೇಲಿನ ಎಲೆಗಳೂ ಬಿಳಿಚಿದ್ದರೆ ಬಿಸಿಲು ಕಾರಣ. ಎಲೆಗಳು ಚೆನ್ನಾಗಿದ್ದು ಕುಡಿಯೊಂದೇ ಸತ್ತಿದ್ದರೆ ಕೊರೆಯುವ ಹುಳುವಿನ ತೂತನ್ನು ಹುಡುಕಿ. ಸತ್ತ ತುದಿಯನ್ನು ಕತ್ತರಿಸದೆ ಬಿಡಿ, ನೆರಳು ಸರಿಪಡಿಸಿ, ಕಾಂಡದ ಗೆಣ್ಣಿನಿಂದ ನೆಟ್ಟಗಿನ ಚಿಗುರು ಏಳುವುದೇ ಎಂದು ಕಾಯಿರಿ. ಎರಡು ಎದ್ದರೆ ಬಲವಾದುದನ್ನು ಉಳಿಸಿ.

ಲಕ್ಷಣ: ಎಲೆ ಕಡುಹಸಿರು, ಆದರೆ ಸಸಿ ಬೆಳೆಯುತ್ತಿಲ್ಲ

ಇದು ನೆರಳು ಹೆಚ್ಚಾದುದರ ಗುರುತು, ಹಾಗೂ ಎಲ್ಲರೂ ತಡವಾಗಿ ಗಮನಿಸುವಂಥದು. ಈ ಮರದ ಬೀಜ ದೊಡ್ಡದು, ಮೊಳೆತ ಸಸಿ ಮೊದಲ ತಿಂಗಳುಗಳಲ್ಲಿ ಬೀಜದ ಬುತ್ತಿಯನ್ನೇ ಉಂಡು ಬೆಳೆಯುತ್ತದೆ. ಬೆಳಕು ಸಾಲದು ಎಂಬುದು ಆ ಬುತ್ತಿ ಮುಗಿದ ಮೇಲೆ ಮಾತ್ರ ಹೊರಗೆ ಕಾಣುತ್ತದೆ. ಕುಡಿಯ ಕೆಳಗಿನ ಗೆಣ್ಣಿಗೆ ಸಡಿಲವಾಗಿ ಬಣ್ಣದ ದಾರ ಕಟ್ಟಿ, ಮುಂದಿನ ಎರಡು ಚಿಗುರಿನ ಸುತ್ತುಗಳಲ್ಲಿ ದಾರದ ಮೇಲೆ ಎಷ್ಟು ಎಲೆ ಬಂದವು, ಕೆಳಗೆ ಎಷ್ಟು ಉದುರಿದವು ಎಂದು ಲೆಕ್ಕವಿಡಿ. ಬಂದಷ್ಟೇ ಉದುರುತ್ತಿದ್ದರೆ ಸಸಿ ಜೀವ ಹಿಡಿದು ಕಾಯುತ್ತಿದೆ. ಕಾನಿನ ನೆಲದಲ್ಲಿ ತಾನಾಗಿ ಹುಟ್ಟಿದ ಸಸಿ ಹೀಗೆ ವರ್ಷಗಟ್ಟಲೆ, ಮೇಲೆ ಒಂದು ಮರ ಬಿದ್ದು ತೆರಪಾಗುವವರೆಗೆ ಕಾಯಬಲ್ಲದು. ಅದನ್ನು ಹಾಗೆಯೇ ಬಿಡುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಂದದ್ದಕ್ಕಿಂತ ಹೆಚ್ಚು ಉದುರುತ್ತಿದ್ದರೆ ಸಸಿ ಸೋಲುತ್ತಿದೆ, ಬೆಳಕು ಕೊಡಬೇಕು.

ಬೆಳಕು ಕೊಡುವುದೆಂದರೆ ಮೇಲಿನ ಮರವನ್ನು ಸವರುವುದಲ್ಲ. ನೆಟ್ಟ ಜಾಗದಲ್ಲಾದರೆ ಸಸಿಯ ಸುತ್ತ ಒಂದು ಮಾರು ಅಗಲದಲ್ಲಿ ಅದಕ್ಕಿಂತ ಎತ್ತರವಾದ ಕಳೆಗಳನ್ನು, ಲಂಟಾನ ಮತ್ತು ಯುಪಟೋರಿಯಂ ಇದ್ದರೆ ಅವನ್ನು ತೆಗೆದು ನೋಡಿ. ನರ್ಸರಿಯಲ್ಲಿ ಶೇಕಡಾ 75ರ ಪರದೆ, ಅಂದರೆ ಬೆಳಕಿನ ಶೇಕಡಾ 75ರಷ್ಟನ್ನು ತಡೆಯುವ ಪರದೆ, ಎರಡು ಪದರವಾಗಿದೆಯೇ, ಪರದೆಯ ಮೇಲೆ ತರಗೆಲೆ ಮತ್ತು ಪಾಚಿ ಕೂತಿದೆಯೇ ಎಂದು ನೋಡಿ. ಗುಡಿಸಿ ತೊಳೆದ ಪರದೆಯ ಕೆಳಗೆ ಕೈನೆರಳು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದರೆ ವ್ಯತ್ಯಾಸ ತಿಳಿಯುತ್ತದೆ.

ಲಕ್ಷಣ: ಕಾಂಡ ಸಣಕಲಾಗಿ ಉದ್ದಕ್ಕೆ ಓಡಿ, ಒಂದು ಕಡೆಗೆ ವಾಲಿದೆ

ಎಲೆಗಳ ಮೂಲಕ ಸೋಸಿ ಬಂದ ಬೆಳಕಿನಲ್ಲಿ ಕೆಂಪು ಕಡಿಮೆಯಾಗಿ, ಕಣ್ಣಿಗೆ ಅಷ್ಟಾಗಿ ಕಾಣದ ದೂರಗೆಂಪಿನ (ಫಾರ್-ರೆಡ್) ಪಾಲು ಹೆಚ್ಚಿರುತ್ತದೆ. ಗಿಡ ಇದನ್ನು ಪಕ್ಕದಲ್ಲಿ ಪೈಪೋಟಿ ಇದೆ ಎಂಬ ಸೂಚನೆಯಾಗಿ ಗ್ರಹಿಸಿ ಗೆಣ್ಣುಗಳ ನಡುವಿನ ಅಂತರವನ್ನು ಹಿಗ್ಗಿಸುತ್ತದೆ. ನೆರಳಿಗೆ ಒಗ್ಗಿದ ಕಾಡುಮರಗಳಲ್ಲಿ ಈ ಓಟ ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ಸಸಿ ಸಣಕಲಾಗಿ ಓಡಿದ್ದರೆ ತೊಟ್ಟೆಗಳು ಒಂದಕ್ಕೊಂದು ಅಂಟಿ ಕೂತಿವೆಯೇ ಎಂದು ಮೊದಲು ನೋಡಿ. ಎಲೆಗೆ ಎಲೆ ತಾಗದಂತೆ ಬಿಡಿಸಿಟ್ಟು, ಬೆಳಕು ಒಂದೇ ದಿಕ್ಕಿನಿಂದ ಬರುತ್ತಿದ್ದರೆ ಎರಡು ವಾರಕ್ಕೊಮ್ಮೆ ತೊಟ್ಟೆಯನ್ನು ತಿರುಗಿಸಿದರೆ ಸಾಕು.

ಲಕ್ಷಣ: ಮಳೆಗಾಲದಲ್ಲಿ ನಗುತ್ತಿದ್ದ ಸಸಿ ಆಮೇಲೆ ಸುಟ್ಟಿತು

ಜೂನ್‌ನಲ್ಲಿ ನೆಡುವಾಗ ಆಕಾಶದ ಮೋಡವೇ ಪರದೆಯ ಕೆಲಸ ಮಾಡುತ್ತದೆ. ಆ ನಾಲ್ಕು ತಿಂಗಳಲ್ಲಿ ಹುಟ್ಟಿದ ಎಲೆಗಳೆಲ್ಲ ಮೋಡದ ಬೆಳಕಿನ ಎಲೆಗಳು. ಅಕ್ಟೋಬರ್‌ನಲ್ಲಿ ಮೋಡ ಸರಿದ ವಾರವೇ ಅವು ಸುಡಲಾರಂಭಿಸುತ್ತವೆ. ನೆಟ್ಟವರು ಆ ಹೊತ್ತಿಗೆ ಗೆದ್ದೆವೆಂದು ತಿಳಿದು ನೋಡಲು ಹೋಗಿರುವುದಿಲ್ಲ.

ಎರಡನೆಯ ಪೆಟ್ಟು ಏಪ್ರಿಲ್‌ನಲ್ಲಿ, ಅದಕ್ಕೆ ಕಾರಣ ಸೂರ್ಯನ ದಾರಿ. ಸಿದ್ದಾಪುರ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್‌ನಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 38 ಡಿಗ್ರಿ ವಾಲಿರುತ್ತಾನೆ, ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ನೇರ ನೆತ್ತಿಯ ಮೇಲಿರುತ್ತಾನೆ. 30 ಮೀಟರ್ ಎತ್ತರದ ಮೇಲ್ಚಪ್ಪರದಲ್ಲಿ ಒಂದು ತೆರಪಿದೆ ಎಂದುಕೊಳ್ಳಿ. ಡಿಸೆಂಬರ್‌ನ ನಡುಹಗಲಿನಲ್ಲಿ ಅದರ ಬಿಸಿಲು ಬೀಳುವುದು ತೆರಪಿನ ನೇರ ಕೆಳಗಿನ ಜಾಗದಿಂದ ಸುಮಾರು 23 ಮೀಟರ್ ಉತ್ತರಕ್ಕೆ. ಆ ಬಿಸಿಲಿನ ತುಂಡು ದಿನದಿಂದ ದಿನಕ್ಕೆ ದಕ್ಷಿಣಕ್ಕೆ ಸರಿಯುತ್ತ ಏಪ್ರಿಲ್ ಕೊನೆಗೆ ತೆರಪಿನ ನೇರ ಕೆಳಗೆ ಬಂದು ನಿಲ್ಲುತ್ತದೆ. ಆಗ ಮೋಡವೂ ಕಡಿಮೆ, ಹಳ್ಳದ ನೀರೂ ಕಡಿಮೆ. ಡಿಸೆಂಬರ್‌ನಲ್ಲಿ ನೋಡಿ ನೆರಳಿದೆ ಎಂದು ಆರಿಸಿದ ಜಾಗವೇ ಬೇಸಿಗೆಯಲ್ಲಿ ಬಾಣಲೆಯಾಗುವುದು ಹೀಗೆ. ನೆಡುವ ಜಾಗದಲ್ಲಿ ನಿಂತು ನೇರ ತಲೆಯ ಮೇಲೆ ಆಕಾಶ ಎಷ್ಟು ಕಾಣುತ್ತದೆ ಎಂದು ನಸುಕಿನಲ್ಲಿ ಅಥವಾ ಮೋಡವಿದ್ದಾಗ ನೋಡಿ. ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡುವುದು ಬೇಡ.

ಇದಕ್ಕೆ ಪರಿಹಾರವನ್ನು ನರ್ಸರಿಯಲ್ಲೇ ಶುರುಮಾಡಬೇಕು. ಸಾಗಿಸುವುದಕ್ಕೆ ಕನಿಷ್ಠ ಆರೇಳು ವಾರ ಮೊದಲು ಸಸಿಗಳನ್ನು ಶೇಕಡಾ 75ರ ಪರದೆಯಿಂದ ಶೇಕಡಾ 50ರ ಪರದೆಯಡಿಗೆ ತಂದು, ಅಲ್ಲಿ ಒಂದು ಸುತ್ತು ಹೊಸ ಎಲೆ ಬಂದು ಗಟ್ಟಿಯಾಗುವವರೆಗೆ ಇಡಬೇಕು. ವಾರಗಳ ಲೆಕ್ಕಕ್ಕಿಂತ ಆ ಹೊಸ ಎಲೆಯ ಲೆಕ್ಕ ಮುಖ್ಯ. ನೆಟ್ಟ ಮೇಲೆ ಸೆಪ್ಟೆಂಬರ್ ಕೊನೆಗೇ ಸೋಗೆಯ ತಟ್ಟಿ ಕಟ್ಟಿ, ಮುಂದಿನ ಮಳೆಯವರೆಗೆ ಬಿಡಿ.

ಎಲ್ಲಿಗೆ ನಿಲ್ಲಿಸಿ, ಯಾರನ್ನು ಕೇಳಬೇಕು

ನೆರಳು ಸರಿಪಡಿಸಿ ಎರಡು ಸುತ್ತು ಚಿಗುರು ಬಂದರೂ ಹೊಸ ಎಲೆ ಹಳೆಯದರಂತೆಯೇ ಕೆಡುತ್ತಿದ್ದರೆ ಬೆಳಕಿನ ಮೇಲಿನ ಪ್ರಯೋಗವನ್ನು ನಿಲ್ಲಿಸಿ, ಕಾರಣ ಬೇರೆಯಿದೆ. ಬೇರನ್ನು ಅಗೆದು ನೋಡುವುದು, ಸಸಿಯನ್ನು ಕಿತ್ತು ಸ್ಥಳ ಬದಲಿಸುವುದು ಕೂಡ ತಿಳಿದವರ ಎದುರಿಗೇ ಆಗಲಿ. ಶಿರಸಿಯ ಅರಣ್ಯ ಮಹಾವಿದ್ಯಾಲಯದಂಥ ಸಂಸ್ಥೆಯನ್ನು ಕೇಳಬಹುದು.

ಒಂದು ಸಸಿಯ ಬದಲು ಜಡ್ಡಿಯ ಒಂದು ಅಂಚಿನ ಹಲವು ಜಾತಿಯ ಸಸಿಗಳು ಒಟ್ಟಿಗೆ ಸುಡುತ್ತಿದ್ದರೆ, ದೊಡ್ಡ ಮರಗಳ ನೆತ್ತಿ ಬೋಳಾಗುತ್ತಿದ್ದರೆ, ಬೇಸಿಗೆಯಲ್ಲೂ ಹರಿಯುತ್ತಿದ್ದ ಹಳ್ಳ ಬತ್ತಿ ಊರುಗೋಲು ಬೇರುಗಳ ಬುಡ ಬಿರಿದಿದ್ದರೆ, ಅದು ತಟ್ಟಿ ಕಟ್ಟಿ ಸರಿಪಡಿಸುವ ದೋಷವಲ್ಲ. ಮೇಲೆಲ್ಲೋ ಮರ ಕಡಿದಿರಬಹುದು, ಬೆಟ್ಟದಲ್ಲಿ ಸೊಪ್ಪು ಮಿತಿಮೀರಿ ಸವರಿರಬಹುದು, ನೀರನ್ನು ತಿರುಗಿಸಿರಬಹುದು. ಆ ದಿನವೇ ಅರಣ್ಯ ಇಲಾಖೆಗೆ ತಿಳಿಸಿ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಬೀಜ ಆರಿಸುವುದಾಗಲಿ, ಸಸಿ ಕೀಳುವುದಾಗಲಿ, ಬೆಳಕಿಗೆಂದು ರೆಂಬೆ ಕಡಿಯುವುದಾಗಲಿ ಕೂಡದು. ಸ್ವಂತ ಜಮೀನಿನಲ್ಲೂ ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ.

ಕೇಳಲು ಹೋಗುವಾಗ ನಾಲ್ಕು ವಿಷಯ ಜೊತೆಗಿರಲಿ: ಮೂರು ಹೊತ್ತಿನ ಕೈನೆರಳಿನ ಫೋಟೋಗಳು, ತುದಿಯ ಎಲೆ ಮತ್ತು ಬುಡದ ಎಲೆ ಎರಡೂ ಕಾಣುವ ಒಂದು ಚಿತ್ರ, ದಾರ ಕಟ್ಟಿದ ದಿನಾಂಕ ಮತ್ತು ಎಲೆಗಳ ಲೆಕ್ಕ, ಕಡೆಯದಾಗಿ ಸಸಿಯ ಮೇಲಿನ ನೆರಳು ಕೊನೆಯ ಬಾರಿ ಯಾವಾಗ ಬದಲಾಯಿತು ಎಂಬುದು. ಈ ಕೊನೆಯ ದಿನಾಂಕ ನೆನಪಿಲ್ಲದಿದ್ದರೆ ನರ್ಸರಿಯಲ್ಲಿ ಪರದೆ ಕಟ್ಟಿದವರನ್ನು, ಜಡ್ಡಿಯ ಪಕ್ಕದ ತೋಟದವರನ್ನು ವಿಚಾರಿಸಿ ಬರೆದುಕೊಂಡೇ ಹೋಗಿ.